ದುರುಗಕ್ಕನ ಅರ್ಧ ಮಾತು

ಚಟಪಟ, ಚಟಪಟ. ಹೊನ್ನಾಳಿಯ ನಮ್ಮ ಓಣಿಯಲ್ಲಿ ಆಗೆಲ್ಲ ಬೆಳಗಾಗುತ್ತಿದ್ದುದು ಈ ಸದ್ದಿನಿಂದ. ಜಂಪಣ್ಣನ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಬಿದ್ದ ಅಕ್ಕಿ ಅರಳುವ ಸದ್ದು ಅದು. ಭಟ್ಟಿಗೆ ಗೋಡೆ ತಾಗಿದ ಮನೆ ದುರುಗಕ್ಕನದು. ಆ ಗೋಡೆ ಚಳಿಗಾಲದಲ್ಲೂ ಬೆಚ್ಚಗಿರುತ್ತಿದ್ದುದರಿಂದ ಓಣಿಯ ಬೆಕ್ಕುಗಳೆಲ್ಲ ಅವಳ ಮನೆಯಲ್ಲೇ ಸಂಸಾರ ಹೂಡಿದ್ದವು.

ದುರುಗಕ್ಕ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಆಯಾ. ಜಗಳೂರು ಕಡೆಯಿಂದ ಸೊಸೆಯಾಗಿ ಬಂದವಳು. ಮಾತಿನಲ್ಲಿ ಅವಳನ್ನು ಮೀರಿಸುವವರು ಓಣಿಯಲ್ಲಿರಲಿಲ್ಲ. ತವರಿನ ಶೇಂಗಾದ ರುಚಿ, ತುಂಬಿ ಹರಿದ ಹೊಳೆ, ಗಂಡನ ಗೊರಕೆ, ಯಾವುದನ್ನು ಹಿಡಿದರೂ ಬಿಡುತ್ತಿರಲಿಲ್ಲ. ಆದರೆ ವಾರ್ಡಿನಲ್ಲಿ ಮಲಗಿದವರ ವಿಷಯ ಯಾರಾದರೂ ಎತ್ತಿದರೆ, "ಅದೇನಾಗಿತ್ತಪ್ಪಾ ಅಂದ್ರೆ..." ಎಂದು ಶುರು ಮಾಡುವಳು. ಕೇಳುವವರು ಕಿವಿ ನೆಟ್ಟಗೆ ಮಾಡುವಷ್ಟರಲ್ಲಿ ಕೊಡವೋ ಪೊರಕೆಯೋ ಕೈಗೆ ಬಂದಿರುತ್ತಿತ್ತು. ಮಾತು ಅರ್ಧಕ್ಕೇ ನಿಂತು, ಕಾಲು ಮುಂದೆ ಹೋಗಿರುತ್ತಿತ್ತು.

"ನನ್ನ ಭಟ್ಟ್ಯಾಗೆ ಹಾಕಿದ್ರೆ ಕಲ್ಲೂ ಅರಳ್ತೈತೆ, ಈ ಅಕ್ಕನ ಬಾಯಿ ಮಾತ್ರ ಅರಳಂಗಿಲ್ಲ," ಎಂದು ಜಂಪಣ್ಣ ಕಾಡಿಸುತ್ತಿದ್ದ. ಅವಳ ಗಂಡ ಚಿಕ್ಕಹನುಮಂತಪ್ಪ ಬಸ್ ನಿಲ್ದಾಣದಲ್ಲಿ ಹಮಾಲಿ. ಅವನ ದೂರು ಬೇರೆ: "ನನ್ನ ತಂಗಿ ಇವಳ ವಾರ್ಡ್ನಾಗೇ ಹೆತ್ತಾಳೆ ಅಂತ ನಂಗೆ ಹೇಳಿದ್ದು ಸಾಸ್ವೆಹಳ್ಳಿ ಬಸ್ಸಿನ ಕಂಡಕ್ಟ್ರು ಕಣ್ರಿ!"

ಅದು ಎಂಬತ್ತರ ಆಚೀಚೆಯ ಮಾತು. ಭಟ್ಟಿಯಲ್ಲಿ ಮಂಡಕ್ಕಿ ಜರಡಿ ಹಿಡಿಯುತ್ತಿದ್ದ ಅಂಜಿನಿಗೆ ಸಾಸ್ವೆಹಳ್ಳಿಯಿಂದ ಗಂಡು ಬಂತು. ಹುಡುಗನ ಹೆಸರು ಓಂಕಾರಪ್ಪ. ಉಣ್ಣುವಾಗಲೂ ತಲೆಯ ಟೋಪಿ ತೆಗೆಯದ ನಾಚಿಕೆಯ ಹುಡುಗ. ಒಗ್ಗರಣೆ ಮಂಡಕ್ಕಿಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡ. ಅಂಜಿನಿ ಒಳಗೆ ಬಂದು ಬಾಗಿಲ ಹಿಂದೆ ನಿಂತು ನಕ್ಕಳು. ಅವಳ ಅವ್ವ ಓಬವ್ವನಿಗೆ ಆ ನಗುವಿನ ಅರ್ಥ ಗೊತ್ತಾಯಿತು.

ಆದರೆ ಅಂಜಿನಿ ಹಿಂದಿನ ವರ್ಷ ಬಹಳ ದಿನ ಆಸ್ಪತ್ರೆಯಲ್ಲಿದ್ದಳು. ನಮ್ಮ ಕಡೆ ಹೆಣ್ಣು ನೋಡಿ ಹೋದವರು ಸುಮ್ಮನೆ ಕೂರುವುದಿಲ್ಲ. ಒಬ್ಬರು ಓಣಿಯಲ್ಲಿ ವಿಚಾರಿಸಿದರೆ, ಇನ್ನೊಬ್ಬರು ಎಲೆ ಅಡಿಕೆ ಕಟ್ಟಿಕೊಂಡು ಆಸ್ಪತ್ರೆಯ ಆಯಾಳ ಮನೆಗೇ ಬರುತ್ತಾರೆ. ಅದು ಗೊತ್ತಿದ್ದೇ ಓಬವ್ವ ಮುಂಚೆಯೇ ದುರುಗಕ್ಕನ ಬಾಗಿಲಿಗೆ ಬಂದಳು.

"ಅಕ್ಕಾ, ಬರೀ ಜ್ವರ ಅಂತ ಒಂದು ಮಾತು ಅಂದುಬಿಡು. ಸುಳ್ಳೇನು ಹೇಳು ಅಂದ್ನಾ? ಇರೋದನ್ನೇ ಹೇಳು."

"ಇವತ್ತು ನಿನ್ನ ಮಗಳಿಗೆ ಏನೂ ಇಲ್ಲ ಅಂತೀನಿ. ನಾಳೆ ಇನ್ನೊಬ್ಬಾಕೀದು ಕೇಳಾಕೆ ಬರ್ತಾರೆ. ಅವತ್ತು ನಾನು ಸುಮ್ನಿದ್ರೆ, ಆ ಸುಮ್ನಿರೋದೇ ಮಾತಾಗ್ತೈತಲ್ಲೇ ಓಬಿ? ಆ ಹುಡುಗಿ ಗತಿ ಹೆಂಗೆ?"

"ಊರ ಹುಡುಗೇರ ಚಿಂತೆ ನಿಂಗೆ! ನಿನ್ನ ಬಾಯಿ ಬೀಗ ನನ್ನ ಮಗಳ ಮದ್ವೆಗೇ ಬಿತ್ತಲ್ಲ!"

"ಅಂಜಿನೀನೇ ಹೇಳ್ಲಿ. ಪಕ್ಕದಾಗೆ ನಾನು ನಿಂತಿರ್ತೀನಿ," ಎಂದಳು ದುರುಗಕ್ಕ. ಓಬವ್ವ ಸೆರಗು ಜಾಡಿಸಿ ಹೋದಳು.

ಸೋಮವಾರದ ಬಸ್ಸಿಗೆ ಹುಡುಗನ ತಾಯಿ ಭೀಮಕ್ಕ ಬಂದೇಬಿಟ್ಟಳು. ಜೊತೆಗೆ ಅವಳ ನಾದಿನಿ ಕರಿಬಸಮ್ಮ. ಇಬ್ಬರೂ ದುರುಗಕ್ಕನ ಜಗಲಿಯಲ್ಲಿ, ಬೆಕ್ಕುಗಳನ್ನು ಸರಿಸಿ ಕೂತರು.

"ಹುಡುಗಿ ಆಸ್ಪತ್ರ್ಯಾಗೆ ಮಲಗಿದ್ಲಂತೆ?" ಭೀಮಕ್ಕ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು.

"ಅಲ್ಲಿಗೆ ಮಲಗಾಕೇ ಬರ್ತಾರೆ. ಕುಣ್ಯಾಕೆ ಯಾರು ಬರ್ತಾರ್ರೀ?"

"ಏನಾಗಿತ್ತವ್ವ?"

"ಅದೇನಾಗಿತ್ತಪ್ಪಾ ಅಂದ್ರೆ, ತಡೀರಿ, ನೀರು ತರ್ತೀನಿ." ದುರುಗಕ್ಕ ಒಳಗೆ ನಡೆದಳು.

ಕರಿಬಸಮ್ಮ ಕಿಸಕ್ಕನೆ ನಕ್ಕಳು. "ಬಿಡು ಅತ್ತಿಗೆ. ಈಯಮ್ಮನ ಹತ್ರ ಆಗಂಗಿಲ್ಲ. ನೀನು ಇಲ್ಲಿ ಆಸ್ಪತ್ರ್ಯಾಗೆ ಸೇರಿದ್ದಾಗ ನಿಂಗೇನಾಗೈತೆ ಅಂತ ನಾನೂ ಕೇಳಿ ಕೇಳಿ ಸೋತೆ. ಬಾಳೆಹಣ್ಣಿನ ಚಿಪ್ಪು ತಂದುಕೊಟ್ಟೆ. ಅದನ್ನ ಬಾಣಂತ್ಯರಿಗೆ ಹಂಚಿಬಿಟ್ಲು, ಬಾಯಿ ಮಾತ್ರ..." ಎಂದವಳು ಅಲ್ಲೇ ನಾಲಿಗೆ ಕಚ್ಚಿಕೊಂಡಳು.

"ಏನಂದೇ?" ಭೀಮಕ್ಕನ ಕೈಯ ಸುಣ್ಣ ಕೈಯಲ್ಲೇ ಉಳಿಯಿತು. "ನನ್ನ ಸುದ್ದಿ ಕೇಳಾಕೆ ಹಣ್ಣು ತಂದಿದ್ಯಾ? ನಂಗೆ ಒಂದು ಕಿತ್ತಳೆನೂ ತರಲಿಲ್ವಲ್ಲೇ ನೀನು!"

ದುರುಗಕ್ಕ ಚೊಂಬು ಹಿಡಿದು ಬಂದಾಗ ಭೀಮಕ್ಕ ಅವಳ ಮುಖವನ್ನೇ ನೋಡಿದಳು. "ಇವಳಿಗೆ ನನ್ನ ಬಗ್ಗೆ ಏನೂ ಅಂದಿಲ್ಲೇನವ್ವ?"

"ನಿಮ್ಮ ಬಗ್ಗೆಯಾ? ನೀವು ಯಾವಾಗ ಬಂದಿದ್ರಿ ಆಸ್ಪತ್ರೆಗೆ?" ದುರುಗಕ್ಕನ ಕಣ್ಣಲ್ಲಿ ಗುರುತಿನ ಎಳೆಯೂ ಇರಲಿಲ್ಲ.

ತಿಂಗಳುಗಟ್ಟಲೆ ತನಗೆ ಗಂಜಿ ಕುಡಿಸಿದ ಹೆಂಗಸು ಹೀಗಂದಾಗ ಭೀಮಕ್ಕನಿಗೆ ನಗು ತಡೆಯಲಾಗಲಿಲ್ಲ. ಮಡಿಲಿನ ಅಡಿಕೆಯೆಲ್ಲ ಜಗಲಿ ತುಂಬ ಚೆಲ್ಲಿತು. ಒಂದು ಬೆಕ್ಕು ಓಡಿತು.

"ಹಂಗಾರೆ ಈ ಹುಡುಗೀದು ಯಾರನ್ನ ಕೇಳ್ಬೇಕು?"

"ಪಕ್ಕದಾಗೇ ಜರಡಿ ಹಿಡಿದು ಕೂತಾಳೆ. ಅವಳಿಗೂ ಬಾಯಿ ಐತಲ್ರೀ. ಬರ್ರಿ," ಎಂದು ದುರುಗಕ್ಕ ಮುಂದಾದಳು.

ಭಟ್ಟಿಯ ಹೊಗೆಯಲ್ಲಿ ಅಂಜಿನಿ ಎದ್ದು ನಿಂತಳು. ಓಬವ್ವ ಓಡಿ ಬಂದಳು, ಬಾಯಿ ತೆರೆಯಬೇಡವೆಂದು ಮಗಳಿಗೆ ಕಣ್ಣಲ್ಲೇ ಸನ್ನೆ ಮಾಡಿದಳು. ಅಂಜಿನಿ ಪಕ್ಕಕ್ಕೆ ನೋಡಿದಳು. ದುರುಗಕ್ಕ ಅಲ್ಲಿದ್ದಳು.

"ಟೈಫಾಯಿಡ್ ಆಗಿತ್ರಿ ಅತ್ತೆ. ಈಗ ಆರಾಮಾಗಿದೀನಿ. ಕೂದ್ಲು ಮಾತ್ರ ಉದುರಿತ್ತು." ಹಾಗೆನ್ನುತ್ತಲೇ ಅವಳು ಮಾರುದ್ದದ ಜಡೆಗೆ ಕೈಹಾಕಿ ಎಳೆದಳು. ಚೌರಿ ಕೈಗೆ ಬಂತು. ಉಳಿದಿದ್ದು ಮೇಕೆಯ ಬಾಲದಷ್ಟು ಮೋಟು ಜಡೆ.

ಓಬವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಜಂಪಣ್ಣ ಮರಳು ಕದಡುವುದನ್ನೇ ಮರೆತ. ಒಂದು ಬಾಣಲೆ ಮಂಡಕ್ಕಿ ಸೀದು ಹೋಯಿತು.

ಭೀಮಕ್ಕ ಆ ಮೋಟು ಜಡೆಯನ್ನು ಹಿಡಿದು ನೋಡಿದಳು. "ಅಯ್ಯೋ, ಇಷ್ಟೇನಾ? ನಮ್ಮ ಓಂಕಾರಿ ತಲ್ಯಾಗೆ ಇಷ್ಟೂ ಇಲ್ಲ ಕಣವ್ವ. ಅವತ್ತು ಟೋಪಿ ಯಾಕೆ ತೆಗೀಲಿಲ್ಲ ಅಂದ್ಕೊಂಡಿ?"

ಅಂಜಿನಿ ಎಷ್ಟು ನಕ್ಕಳೆಂದರೆ ಜರಡಿಯ ಮಂಡಕ್ಕಿಯೆಲ್ಲ ಅವಳ ಕಾಲ ಮೇಲೆ ಸುರಿಯಿತು.

ಮದುವೆ ಸಾಸ್ವೆಹಳ್ಳಿಯಲ್ಲಿ. ಓಣಿಗೆ ಓಣಿಯೇ ಹೋಗಿತ್ತು. ಟೋಪಿ ಇಲ್ಲದ ಮದುಮಗ, ಚೌರಿ ಇಲ್ಲದ ಮದುಮಗಳು. ಮೋಟು ಜಡೆಗೇ ಮಲ್ಲಿಗೆ ಸುತ್ತಿದ್ದರು. ಊಟದ ಪಂಕ್ತಿಯಲ್ಲಿ ದುರುಗಕ್ಕ ತಾನೇ ಮಜ್ಜಿಗೆ ಬಡಿಸುತ್ತಿದ್ದಳು. ಓಬವ್ವ ಅವಳ ಸೆರಗು ಹಿಡಿದು ಹತ್ತಿರ ಎಳೆದಳು.

"ಅಕ್ಕಾ, ಈಗ ನಾನು ಬೀಗಿತ್ತಿ. ನಂಗಾದ್ರೂ ಹೇಳು. ಆ ಭೀಮಕ್ಕಂಗೆ ಏನಾಗಿತ್ತು?"

ದುರುಗಕ್ಕ ಆಚೀಚೆ ನೋಡಿದಳು, ಬಗ್ಗಿದಳು. ನಮ್ಮ ಸಾಲಿನಲ್ಲಿ ಎಲ್ಲರ ತುತ್ತೂ ಅಲ್ಲಲ್ಲೇ ನಿಂತಿತು.

"ಅದೇನಾಗಿತ್ತಪ್ಪಾ ಅಂದ್ರೆ," ಎಂದು ಅವಳು ಮಜ್ಜಿಗೆಯ ಪಾತ್ರೆ ಎತ್ತಿಕೊಂಡು, ಎದುರಿನ ಸಾಲಿನ ಕಡೆಗೆ ಹೆಜ್ಜೆ ಹಾಕುತ್ತ, "ಅವತ್ತು ಹೊಳೆ ತುಂಬಿತ್ತು ನೋಡು, ಆಗ..."