ಮರೀಗೌಡರ ಅವಸರ

ಮರೀಗೌಡರು ಕುರ್ಚಿಯಲ್ಲಿ ಪೂರ್ತಿ ಕೂತದ್ದನ್ನು ನಾನು ನೋಡಿಯೇ ಇಲ್ಲ. ತುದಿಯಲ್ಲಿ ಕೂತಂತೆ ಮಾಡುವರು, ಏಳುವರು, ಕಪಾಟಿನವರೆಗೆ ಹೋಗಿ ಬರುವರು. ಪೊಲೀಸರು ಮೊಹರು ಹಾಕಿ ಕಳಿಸಿದ ಪೊಟ್ಟಣಗಳು ಅಲ್ಲಿ ಸರದಿ ಕಾಯುತ್ತಿದ್ದವು. ನಮ್ಮ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಬಣ್ಣ, ಮಸಿ, ಕಲೆಗಳ ಪರೀಕ್ಷೆ ಅವರದು. ನಾನು ಅವರ ಕೈಕೆಳಗೆ ಹೊಸದಾಗಿ ಸೇರಿದ್ದೆ. ದಿನಾ ರೈಲು ತಪ್ಪಿಸಿಕೊಂಡವರ ಹಾಗಿರುತ್ತಾರೆ ಎಂದು ಬೆನ್ನ ಹಿಂದೆ ನಗುತ್ತಿದ್ದೆವು.

ಅವರು ಹೊಂಗನೂರಿನ ರೇಷ್ಮೆ ಹುಳ ಸಾಕುವ ಮನೆಯವರು. "ಹುಳ ಹಸ್ದಿದ್ರೆ ಮನೇಲಿ ಯಾರಾದ್ರೂ ಮಲಿಕ್ಕತ್ತಾರಾ ಕಣವ್ವಾ?" ಎಂದು ಕಪಾಟಿನತ್ತ ಕೈ ತೋರಿಸುವರು. "ಇವೂ ಹಂಗೇಯಾ. ಒಂದೊಂದು ಪೊಟ್ಣಕ್ಕೂ ಒಬ್ಬ ಜೈಲೊಳ್ಗೆ ಕುಂತವ್ನೆ."

ಕನಕಪುರದ ಕಡೆ ಒಂದು ಬ್ಯಾಂಕು ದರೋಡೆಯಾಗಿತ್ತು. ಹಣದ ಪೆಟ್ಟಿಗೆ ಒಡೆದೊಡನೆ, ಕದ್ದ ನೋಟು ಗುರುತಿಸಲೆಂದು ಒಳಗಿಟ್ಟಿದ್ದ ಕೆಂಪು ಮಸಿ ಚಿಮ್ಮಿ ನೋಟುಗಳಿಗೆ ಹತ್ತಿತ್ತು. ಆ ಬ್ಯಾಂಕಿನಲ್ಲಿ ಹಿಂದೆ ವೈರಿಂಗ್ ಮಾಡಿದ್ದ ಹಾರೋಹಳ್ಳಿಯ ಹುಡುಗನೊಬ್ಬನ ಮನೆಯಲ್ಲೂ ಕೆಂಪು ನೋಟು ಸಿಕ್ಕವು. ಲಕ್ಷ್ಮೀಪೂಜೆಗೆ ಇಟ್ಟ ನೋಟು ಎಂದು ಹೆಂಡತಿ ಎಷ್ಟು ಅತ್ತರೂ ಯಾರೂ ಕೇಳಲಿಲ್ಲ. ಅವನನ್ನು ಜೈಲಿಗೆ ಹಾಕಿದರು.

ಆ ಪೊಟ್ಟಣದ ಸರದಿ ಬಂದಾಗ ಬ್ಯಾಂಕಿನ ನೋಟಿನದೂ ಹುಡುಗನ ಮನೆಯ ನೋಟಿನದೂ ಎರಡೂ ಕಲೆ ನನ್ನ ಕಣ್ಣಿಗೆ ಒಂದೇ ಆಗಿ ಕಂಡವು. ಗೌಡರು ಹುಡುಗನ ಮನೆಯ ನೋಟನ್ನು ಮೂಸಿದರು.

"ಆರತಿ ನೀರು ಹೆಂಗ್ ಕೆಂಪಾಯ್ತದೆ ಹೇಳವ್ವ?"

"ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಸಾರ್."

"ಸೋಪಿಗೂ ಅದೇ ಗುಣ ಐತೆ."

ಕಲೆಯ ಅಂಚಿಗೆ ಒಂದು ಹನಿ ಆಮ್ಲ ಬಿಟ್ಟರು. ಕೆಂಪು ಹೋಗಿ ಹಳದಿ ಬಂತು. ಬ್ಯಾಂಕಿನ ಮಸಿ ಮಾತ್ರ ಅದೇ ಹನಿಗೆ ಜಪ್ಪಯ್ಯ ಅನ್ನಲಿಲ್ಲ. ಉಳಿದ ಪರೀಕ್ಷೆಗಳೂ ಅದನ್ನೇ ಹೇಳಿದವು. ಕಲೆ ಇದ್ದ ನೋಟು ಕಂಡರೆ ಹಿಡಿಯುತ್ತಾರೆಂಬ ಸುದ್ದಿ ಕೇಳಿ, ಆ ಹೆಣ್ಣುಮಗಳು ಪೂಜೆಯ ಅರಿಶಿನ ಹೋಗಲೆಂದು ನೋಟನ್ನು ಬಟ್ಟೆ ಸೋಪಿನಲ್ಲಿ ತೊಳೆದಿದ್ದಳೆಂದು ಆಮೇಲೆ ತಿಳಿಯಿತು. ಪಾಪ, ಹೆದರಿ ಮಾಡಿದ್ದೇ ಮುಳುವಾಗಿತ್ತು.

ವರದಿ ಅಂದೇ ಹೋಯಿತು, ಹುಡುಗ ಬಿಡುಗಡೆಯಾದ. ನಾನು ಸಿಹಿ ತಂದೆ. ಗೌಡರು ಮುಟ್ಟಲಿಲ್ಲ.

"ಒಂದು ತೊಟ್ಟಿನ ಕೆಲ್ಸ ಕಣವ್ವಾ. ಮಳೆಗಾಲ ಪೂರ್ತಿ ಕಪಾಟ್ನಲ್ಲೇ ಮಡಗಿದ್ದೋ. ಅವ್ನ ಮಗ ಅಪ್ಪನ ಮೊಕ ನೋಡ್ದೆ ಹುಟ್ಟೈತಂತೆ" ಎಂದವರೇ ಮತ್ತೆ ಕಪಾಟಿನ ಕಡೆ ನಡೆದರು. ಆಮೇಲೆ ನನಗೆ ಅವರನ್ನು ನೋಡಿ ನಗು ಬರಲಿಲ್ಲ.

ಅವರು ನಿವೃತ್ತರಾದ ಮೇಲೆ ಒಮ್ಮೆ ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ ಸಿಕ್ಕರು. ನಾನು ರೇಷ್ಮೆ ಸೀರೆಯುಟ್ಟು ಮದುವೆಗೆ ಹೊರಟಿದ್ದೆ. ಯೋಗಕ್ಷೇಮ ಕೇಳಲಿಲ್ಲ ಪುಣ್ಯಾತ್ಮ.

"ಕಪಾಟು ಖಾಲಿ ಆಯ್ತಾ?"

"ಇಲ್ಲ ಸಾರ್, ತುಂಬಿದೆ."

"ಹಂಗಾರೆ ಉಂಡ್ಕಂಡು ಬಿರ್‍ರನೆ ಕೆಲ್ಸಕ್ಕೆ ಓಗವ್ವ."

ಹೊಂಗನೂರಿನ ಬಸ್ಸು ಬಂತು. ಸೀಟು ಖಾಲಿಯಿದ್ದರೂ ಬಾಗಿಲ ಬಳಿಯೇ ನಿಂತು ಹೋದರು.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಪ್ರಯೋಗಾಲಯದಲ್ಲಿದ್ದೆ. ಅಳು ತಡೆಯಲಾಗಲಿಲ್ಲ. ಜೊತೆಯವರು ಕುರ್ಚಿ ಎಳೆದು ಕೂರಿಸಿದರು. ಕೂರಲೂ ಆಗಲಿಲ್ಲ. ಎದ್ದು ಹೋಗಿ ಕಪಾಟಿನಿಂದ ಮುಂದಿನ ಪೊಟ್ಟಣ ತೆಗೆದುಕೊಂಡೆ.