ಪ್ರತಿ ಲೋಡಿಗೂ ಒಂದು ಪಾರ್ಸೆಲ್ ಕಡಿಮೆ

ಹೋದ ತಿಂಗಳು ನಮ್ಮ ಮಿಲ್ಲಿನಿಂದ ಹುಬ್ಬಳ್ಳಿಗೆ ಹೋದ ಸೀರೆ ಲೋಡುಗಳಲ್ಲಿ ಪ್ರತಿ ಸಲವೂ ಒಂದೊಂದು ಪಾರ್ಸೆಲ್ ಕಾಣೆಯಾಗತೊಡಗಿತು.

ಕಾಣೆ ಅಂದರೆ ಪೂರ್ತಿ ಕಾಣೆಯಲ್ಲ. ಕಂಪ್ಯೂಟರಿನಲ್ಲಿ ಮಾತ್ರ. ಮುಟ್ಟಿದವೆಲ್ಲ ಹಸಿರು, ಮುಟ್ಟದ ಒಂದು ಕೆಂಪು. ನಾನು ಫೋನ್ ಮಾಡಿ ವಿಚಾರಿಸಿದರೆ ಸ್ವಲ್ಪ ಹೊತ್ತಿಗೆ ಅದೂ ಹಸಿರಾಗುತ್ತಿತ್ತು. ಏನಿದು ವಿಚಿತ್ರ?

ಹೊಸ ಓದುಗರಿಗೆ ಹೇಳಿಬಿಡುತ್ತೇನೆ. (ಹಳಬರು ಈ ಪ್ಯಾರಾ ಹಾರಿಸಿ, ಬೇಜಾರಿಲ್ಲ.) ನಾನು ಗದಗಿನವಳು. ಯಜಮಾನರ ರೈಲ್ವೆ ಟ್ರಾನ್ಸ್‌ಫರ್ ಹಿಂದೆ ಸೂರತ್‌ಗೆ ಬಂದವಳು. ಸಚಿನ್ ಕೈಗಾರಿಕಾ ಪ್ರದೇಶದ ಒಂದು ಸೀರೆ ಮಿಲ್ಲಿನಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಹುಬ್ಬಳ್ಳಿಯ ಸಗಟು ವ್ಯಾಪಾರಿಯೊಬ್ಬರು ನಮ್ಮ ಖಾಯಂ ಗಿರಾಕಿ. ಅವರ ಗೋಡೌನಿನಲ್ಲಿ ಮಾಲು ಇಳಿಸಿಕೊಳ್ಳುವವರು ಶಾಂತಕ್ಕ.

ಮೊದಲೆಲ್ಲ ಲಾರಿ ಮುಟ್ಟಿದ ಕೂಡಲೇ ಶಾಂತಕ್ಕನಿಗೆ ಫೋನ್ ಮಾಡಿ ಎಲ್ಲ ಬಂತೇ ಎಂದು ಕೇಳುವುದು ನನ್ನ ಕೆಲಸ.

"ಬಂದಾವ್ರಿ, ಎಲ್ಲಾ ಬಂದಾವ," ಅನ್ನುತ್ತಿದ್ದರು. ಅಲ್ಲಿಗೆ ಕೆಲಸ ಮುಗಿಯಿತು. ಆಮೇಲೆ ಮಾತು.

"ಇವತ್ತ ಏನ್ ಪಲ್ಯ ಮಾಡೀರಿ?"

"ಬದ್ನಿಕಾಯಿ ಎಣಗಾಯಿ ಅಕ್ಕಾರ."

"ಗುರೆಳ್ಳು ಸಿಗತಾವೇನ್ರಿ ಅಲ್ಲೆ?"

"ಎಲ್ಲಿ ಸಿಗತಾವ್ರಿ, ಶೇಂಗಾದಾಗ ಮುಗಿಸೀನಿ."

"ಹಂಗಾರ ಅದೆಂಥಾ ಎಣಗಾಯಿ ಬಿಡ್ರಿ," ಎಂದು ಅವರು ಮರುಗುವುದು. ಹಿಂದೆ ಹಮಾಲರ ಕೂಗು, ಆಟೋ ಹಾರ್ನು, ಯಾರೋ ಯಾರನ್ನೋ "ಏ ಮಾರಾಯಾ" ಎಂದು ಬಯ್ಯುವುದು. ಅದನ್ನೆಲ್ಲ ನಾನು ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದೆ.

ಮನೆಯಲ್ಲಿ ಕನ್ನಡ ಇಲ್ಲವಾ ಎಂದು ಕೇಳಬಹುದು. ಇದೆ. ಯಜಮಾನರದು ಮೈಸೂರು ಕಡೆಯ ಮೆದು ಕನ್ನಡ. ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ನನ್ನ ಬಾಯಿಂದ "ಹೌದಲ್ರಿ" ಹೊರಡುತ್ತಿದ್ದದ್ದು ಶಾಂತಕ್ಕನ ಎದುರು ಮಾತ್ರ.

ಹೀಗಿರುವಾಗ ಮಿಲ್ಲಿಗೆ ಟ್ಯಾಗ್ ಬಂತು. ಟೋಲ್ ಗೇಟಿನಲ್ಲಿ ಕಾರಿನ ಗಾಜಿನ ಸ್ಟಿಕ್ಕರನ್ನು ಯಂತ್ರ ದೂರದಿಂದಲೇ ಓದಿಕೊಳ್ಳುತ್ತದಲ್ಲ, ಅಂಥದ್ದೇ. ಪಾರ್ಸೆಲ್ಲಿಗೊಂದು ಟ್ಯಾಗ್, ಬಾಗಿಲ ಎರಡೂ ಬದಿಗೆ ರೀಡರ್. ಪಾರ್ಸೆಲ್ ಬಾಗಿಲು ದಾಟಿದರೆ ಸಾಕು, ರೇಡಿಯೋ ಅಲೆಯಲ್ಲೇ ಅದರ ನಂಬರ್ ಗೊತ್ತಾಗುತ್ತದೆ. ಸೂರತ್‌ನ ಬಾಗಿಲಲ್ಲಿ ಒಂದು ಜೋಡಿ, ಹುಬ್ಬಳ್ಳಿಯ ಬಾಗಿಲಲ್ಲಿ ಇನ್ನೊಂದು ಜೋಡಿ. ನನಗೆ ಕನ್ನಡ ಬರುತ್ತದೆಂದು ಶಾಂತಕ್ಕನಿಗೆ ವಿಡಿಯೋ ಕಾಲ್‌ನಲ್ಲಿ ಎಲ್ಲ ಹೇಳಿಕೊಟ್ಟವಳೂ ನಾನೇ.

ಮೊದಲ ಲೋಡು ಹುಬ್ಬಳ್ಳಿ ಮುಟ್ಟಿದಾಗ ಸ್ಕ್ರೀನ್ ಪೂರ್ತಿ ಹಸಿರಾಯಿತು. ನಮ್ಮ ಮಿಲ್ಲಿನ ಮಾಲೀಕರು ಸೇಠ್‌ಜೀ ಪೇಡೆ ಹಂಚಿದರು. "ಇನ್ನು ಫೋನ್ ಮಾಡೋ ಕಷ್ಟ ಇಲ್ಲ ಬೆನ್," ಎಂದು ನನ್ನ ಕೈಗೂ ಎರಡು ಇಟ್ಟರು. (ಇಲ್ಲಿ ಹೆಂಗಸರೆಲ್ಲ ಬೆನ್, ಅಂದರೆ ಅಕ್ಕ.)

ಪೇಡೆ ಚೆನ್ನಾಗಿತ್ತು. ಆದರೆ ಮಧ್ಯಾಹ್ನವೆಲ್ಲ ನಾನು ಸುಮ್ಮಸುಮ್ಮನೆ ಫೋನ್ ಕಡೆ ನೋಡುತ್ತಿದ್ದೆ. ನಂಬರ್ ಇತ್ತಲ್ಲ, ಒತ್ತಬಹುದಿತ್ತಲ್ಲ? ಒತ್ತಿ ಏನು ಹೇಳುವುದು? ಎಲ್ಲ ಬಂದಿದೆ ಎಂದು ಕಣ್ಣೆದುರೇ ಕಾಣುತ್ತಿದೆ. ಹಾಗೇ ವಾರಗಳು ಹೋದವು.

ಆಮೇಲೆ ಶುರುವಾಯಿತು ಈ ಕೆಂಪು. ಮೊದಲ ಸಲ ಕಂಡಾಗ ನನಗಾದದ್ದು ಗಾಬರಿಯಲ್ಲ, ಖುಷಿ. ಓಡಿಹೋಗಿ ಫೋನ್ ಮಾಡಿದೆ. "ಐತ್ರಿ, ಇಲ್ಲೇ ಐತಿ, ಈಗ ಒಳಗ ತರಸ್ತೇನಿ," ಎಂದರು ಶಾಂತಕ್ಕ. ಮತ್ತೆ ಪಲ್ಯ, ಬಿಸಿಲು, ಮೊಣಕಾಲು ನೋವು. ಮುಂದಿನ ಲೋಡಿನಲ್ಲೂ ಒಂದು ಕೆಂಪು. ಅದರ ಮುಂದಿನದರಲ್ಲೂ.

ಸೇಠ್‌ಜೀ ಸಿಟ್ಟಾದರು. ಟ್ಯಾಗ್ ಹಾಕಿಕೊಟ್ಟ ಕಂಪನಿಯ ಎಂಜಿನಿಯರ್ ಕೇತನ್‌ಭಾಯ್ ಅಹಮದಾಬಾದ್‌ನಿಂದ ಬಂದ. ಜರಿ ಸೀರೆಯ ಲೋಹ ಸಿಗ್ನಲ್ಲಿಗೆ ಅಡ್ಡ ಬರುತ್ತದೆ, ಅದೇ ಇರಬೇಕು ಎಂದ. ನೋಡಿದರೆ ಕೆಂಪಾದ ಯಾವ ಪಾರ್ಸೆಲ್ಲಿನಲ್ಲೂ ಜರಿ ಇಲ್ಲ, ಬರೀ ಪ್ರಿಂಟೆಡ್.

"ಹಾಗಾದರೆ ಆ ಹೆಂಗಸಿಗೆ ಯಂತ್ರ ತಿಳಿಯುತ್ತಿಲ್ಲ," ಎಂದರು ಸೇಠ್‌ಜೀ. "ಬೇರೆ ಯಾರನ್ನಾದರೂ ಕೂರಿಸಿ ಅಂತ ಅವರ ಮಾಲೀಕರಿಗೆ ಹೇಳ್ತೀನಿ."

ನಾನು ಎದ್ದೆ. ಹೊರಗೆ ಬಂದು ಫೋನ್ ಹಚ್ಚಿದೆ. ಈ ಸಲ ಪಲ್ಯದ ಮಾತಿಲ್ಲ. "ಅಕ್ಕಾರ, ಖರೇ ಹೇಳ್ರಿ. ಪ್ರತಿ ಸಲ ಒಂದು ಯಾಕ ಉಳೀತೈತಿ?"

ಆ ಕಡೆ ಹಮಾಲರ ಕೂಗು ದೂರವಾಯಿತು. ಆಮೇಲೆ ಸಣ್ಣ ದನಿಯಲ್ಲಿ, "ತಪ್ಪು ತಿಳಕೋಬ್ಯಾಡ್ರಿ. ನಾನೇ ಒಂದನ್ನ ಹೊರಗ ಕಟ್ಟಿ ಮ್ಯಾಲೆ ಇಟ್ಟಿರತೇನಿ. ಇಲ್ಲಂದ್ರ ನೀವು ಯಾಕ ಫೋನ್ ಮಾಡ್ತೀರಿ?"

ಅವರ ಮಗಳು ಮದುವೆಯಾಗಿ ದೂರದ ಊರಿನಲ್ಲಿದ್ದಾಳೆ, ಇಡೀ ದಿನ ಆ ಗೋಡೌನಿನಲ್ಲಿ ಅವರೊಬ್ಬರೇ ಹೆಣ್ಣುಮಗಳು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಹಂಬಲ ನನ್ನೊಬ್ಬಳದೇ ಅಂದುಕೊಂಡಿದ್ದೆ.

"ಹಂಗ ಮಾಡಬ್ಯಾಡ್ರಿ ಅಕ್ಕಾರ. ನಿಮ್ಮ ಕೆಲಸಕ್ಕ ಸಂಚಕಾರ ಬರತೈತಿ."

"ಆತ್ರಿ. ಇನ್ನ ಎಲ್ಲಾ ಒಮ್ಮೆಲೇ ತರ್ತೇನಿ," ಎಂದು ಇಟ್ಟುಬಿಟ್ಟರು.

ಯಂತ್ರ ಸರಿಯಿದೆ, ಒಂದು ಪಾರ್ಸೆಲ್ ಬಾಗಿಲಾಚೆ ಉಳಿಯುತ್ತಿತ್ತು, ಎಲ್ಲ ಒಳಗೆ ತರಿಸಲು ಹೇಳಿದ್ದೇನೆ ಎಂದು ಒಳಗೆ ಬಂದು ತಿಳಿಸಿದೆ. (ಸುಳ್ಳಲ್ಲ ತಾನೇ?) ಸೇಠ್‌ಜೀ ತಲೆಯಾಡಿಸಿದರು. ಕೇತನ್‌ಭಾಯ್ ಚಹಾ ಕುಡಿದು ಅಹಮದಾಬಾದ್ ಬಸ್ಸು ಹಿಡಿದ.

ಮುಂದಿನ ಲೋಡು ಮೊನ್ನೆ ಮುಟ್ಟಿತು. ಪೂರ್ತಿ ಹಸಿರು. ಒಂದೂ ಕೆಂಪಿಲ್ಲ.

ಕಾರಣ ಇಲ್ಲದೆ ಫೋನ್ ಮಾಡುವುದನ್ನು ನಾವು ಯಾವಾಗ ಬಿಟ್ಟೆವು? ಈಗ ಫೋನ್ ಬಂದರೆ ಮೊದಲ ಪ್ರಶ್ನೆಯೇ "ಏನಾಯ್ತು?" ಏನೂ ಆಗಿಲ್ಲ ಎಂದರೆ ಅನುಮಾನ. ನನ್ನ ವಿಷಯದಲ್ಲೂ ಅಷ್ಟೇ. ಡಬ್ಬಿ ಊಟ ಮುಗಿಸಿ, ಸ್ಕ್ರೀನ್ ಆರಿಸಿ, ಕೊನೆಗೂ ನಂಬರ್ ಒತ್ತಿದೆ.

"ಯಾವುದಾರ ಉಳದೈತೇನ್ರಿ?" ಶಾಂತಕ್ಕನ ದನಿಯಲ್ಲಿ ಗಾಬರಿ. "ನಾ ಎಲ್ಲಾ ಒಳಗ ತರಿಸೇನ್ರಿ."

"ಎಲ್ಲಾ ಬಂದಾವ್ರಿ ಅಕ್ಕಾರ. ಸುಮ್ನ ಮಾಡಿದೆ."

"ಸುಮ್ನ?"

"ಸುಮ್ನ."

"ತಡೀರಿ, ಊಟಕ್ಕ ಕುಂತಿದ್ದೆ. ಕೈ ತೊಳಕೊಂಡ ಬರ್ತೇನಿ. ಇಡಬ್ಯಾಡ್ರಿ ಮತ್ತ."

ನೀರಿನ ಸದ್ದು. ಹಮಾಲರ ನಗು. ಯಾರೋ ಯಾರಿಗೋ ಚಾ ತರಲು ಹೇಳುತ್ತಿದ್ದರು.

ಶಾಂತಕ್ಕ ಕೈ ತೊಳೆದು ಬರುವವರೆಗೆ ನಾನು ಹುಬ್ಬಳ್ಳಿಯಲ್ಲಿದ್ದೆ.