ಶರಣಪ್ಪ ಮಾಮ ಆರಿಸಿದ ಗ್ರಾಫಿಕ್ಸ್ ಕಾರ್ಡು

ಶರಣಪ್ಪ ಮಾಮ ಯಾವ ಸಾಮಾನನ್ನಾದರೂ ಮೊದಲು ಅಂಗೈಯಲ್ಲಿಟ್ಟು ತೂಗುತ್ತಿದ್ದರು, ಆಮೇಲೆ ಬೈಯುತ್ತಿದ್ದರು. ಹೊಗಳಿದ್ದನ್ನು ನಾನು ಕೇಳಿದ್ದು ಅಪರೂಪ. "ಹಗೂರ ಸಾಮಾನು, ಹಗೂರ ಮಂದಿ, ಎರಡೂ ಮನಿಯೊಳಗ ಬಿಟ್ಕೋಬಾರ್ದಲೇ" ಎನ್ನುವುದು ಅವರ ವೇದವಾಕ್ಯ.

ಅವರು ನನ್ನ ತಾಯಿಯ ಅಣ್ಣ. ಮಸ್ಕಿಯಲ್ಲಿ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಇತ್ತು. ಮೋಟರಿನ ಮಟ್ಟಿಗೆ ಆ ಮಾತು ಸುಳ್ಳಲ್ಲ. ತಾಮ್ರದ ತಂತಿ ಕದ್ದಿದ್ದರೆ ತೂಕದಲ್ಲೇ ಗೊತ್ತಾಗುತ್ತದೆ. ಆದರೆ ಮಾಮ ಅಷ್ಟಕ್ಕೇ ನಿಲ್ಲುವ ಆಸಾಮಿಯೇ? ಎಂಬತ್ತರ ದಶಕದಲ್ಲಿ ಕಾಲುವೆ ನೀರಿನ ಭತ್ತದಿಂದ ಸುತ್ತಲಿನ ತುರ್ವಿಹಾಳ, ಬಳಗಾನೂರಿನವರ ಕೈಯಲ್ಲಿ ದುಡ್ಡು ಓಡಾಡತೊಡಗಿತು. ರೇಡಿಯೋ, ಟೇಪು, ಟೀವಿ, ಏನೇ ಕೊಳ್ಳಲಿ, ಜನ ಮಾಮನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಸಿಂಧನೂರಿನ ಅಂಗಡಿಕಾರರು ದೂರದಿಂದ ಇವರ ಧೋತರ ಕಂಡರೇ ಮುಖ ಕಿವುಚುತ್ತಿದ್ದರು. "ಇದು ಟೇಪೇನ್ರೀ, ಸಬಕಾರದ ಡಬ್ಬಿ? ಯಾರಿಗಿ ಟೋಪಿ ಹಾಕಾಕತ್ತೀರಿ?" ಎಂದು ಮಾಮ ನಾಲ್ಕು ಗಿರಾಕಿಗಳ ಮುಂದೆಯೇ ಅವರ ಮಾನ ಕಳೆಯುತ್ತಿದ್ದರು.

ಊರವರು ಕೇಳಬೇಕು, ತಾವು ಹೇಳಬೇಕು. ಅದಿಲ್ಲದ ದಿನ ಮಾಮನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಾನು ಸಿಂಧನೂರಿನಲ್ಲಿ ಕಂಪ್ಯೂಟರ್ ಆಟದ ಅಂಗಡಿ ತೆರೆಯಲು ಹೊರಟೆ. ಒಂದೇ ಕಂಪ್ಯೂಟರ್, ಒಂದೇ ಮಾನಿಟರ್, ಕಾರ್ ರೇಸಿನ ಆಟ. ಪರದೆಯ ಮೇಲೆ ಕಾರು ತಡವರಿಸದೆ ಓಡಬೇಕಾದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಬೇಕು. ಅದನ್ನು ತರಲು ರಾಯಚೂರಿನ ಬಸ್ಸು ಹತ್ತಿದರೆ, ಕರೆಯದೆಯೇ ಬಂದ ಮಾಮ ಕಿಟಕಿ ಪಕ್ಕದ ಸೀಟು ಹಿಡಿದು ಕೂತಿದ್ದರು.

ಅಂಗಡಿಯವನು ಎರಡು ಕಾರ್ಡು ತೆಗೆದಿಟ್ಟ. "ಆಟಕ್ಕ ಈ ಸಣ್ಣದು ಛಲೋ ಐತ್ರೀ. ದೊಡ್ಡದು ಎರಡು ಮಾನಿಟರ್ ಹಚ್ಚೋ ಆಫೀಸಿನವರಿಗೆ, ಆಟಕ್ಕ ಅಲ್ಲ. ನಿಮ್ದು ಒಂದೇ ಅಲ್ರೀ?"

ಮಾಮ ಎರಡನ್ನೂ ಅಂಗೈಗೆ ಹಾಕಿಕೊಂಡರು. "ಎರಡು ಮಾನಿಟರ್ ಎಳಿಯೋದಕ್ಕ ಒಂದು ಯಾವ ಲೆಕ್ಕಲೇ? ಹತ್ತು ಎಚ್‌ಪಿ ಮೋಟರಿಗೆ ಐದು ಎಚ್‌ಪಿ ಪಂಪು ಹಚ್ಚಿದಂಗ, ಬೆವರಾಂಗಿಲ್ಲ ಅದು" ಎಂದು ನನಗೆ ಹೇಳಿ, ಅವನತ್ತ ಸಣ್ಣದನ್ನು ತಳ್ಳಿದರು. "ಈ ಹಪ್ಪಳ ನೀನ ಇಟ್ಕೊ." ಅವರಿಗೆ ಎದುರಾಡುವ ಎದೆ ನಮ್ಮ ಮನೆತನದಲ್ಲೇ ಯಾರಿಗೂ ಇರಲಿಲ್ಲ.

ಅಂಗಡಿ ತೆರೆಯುವ ದಿನ ಮಸ್ಕಿ, ಲಿಂಗಸುಗೂರಿನ ತಮ್ಮ ಬಳಗವನ್ನೆಲ್ಲ ಮಾಮ ಕರೆದು ತಂದರು. ಕಂಪ್ಯೂಟರಿಗೆ ವಿಭೂತಿ, ಕುಂಕುಮ ಹಚ್ಚಿ ಕಾಯಿ ಒಡೆದರು. ಆಟ ಶುರುವಾಯಿತು. ಕಾರು ನಿಂತಿತು, ಜಿಗಿಯಿತು, ಮತ್ತೆ ನಿಂತಿತು, ಕೊನೆಗೆ ಹೋಗಿ ಗೋಡೆಗೆ ಗುದ್ದಿತು. ಲಿಂಗಸುಗೂರಿನವನೊಬ್ಬ, "ಶರಣಪ್ಪಣ್ಣಾ, ಇದಕ್ಕಿಂತ ನಮ್ಮ ಎತ್ತಿನ ಬಂಡಿ ಪಾಡಲ್ಲೋ!" ಅಂದ. ಬಂದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕರೆಂಟ್ ಖರಾಬ್ ಐತಿ" ಎಂದರು ಮಾಮ. ಆಮೇಲೆ ಮಾನಿಟರಿನ ತಪ್ಪು, ಆಮೇಲೆ ಆಟದ ತಪ್ಪು, ಕೊನೆಗೆ ಆಡಿಸಿದ ನನ್ನ ತಪ್ಪು. ಕಾರ್ಡಿನ ತಪ್ಪಂತೂ ಅಲ್ಲವೇ ಅಲ್ಲ.

ನಾನೊಬ್ಬನೇ ಮತ್ತೆ ರಾಯಚೂರಿಗೆ ಹೋಗಿ ಆ 'ಹಪ್ಪಳ'ವನ್ನೇ ತಂದು ಹಾಕಿದೆ. ಕಾರು ನೀರು ಕುಡಿದಷ್ಟು ಸಲೀಸಾಗಿ ಓಡಿತು, ಸುದ್ದಿ ಅದಕ್ಕಿಂತ ಜೋರಾಗಿ ಓಡಿತು. ಜನ ಕೆಲವು ದಿನ ನಕ್ಕು, ಆಮೇಲೆ ಮಾಮನನ್ನು ಕರೆಯುವುದನ್ನೇ ಬಿಟ್ಟರು. ನನಗೇನೂ ಅಯ್ಯೋ ಅನಿಸಲಿಲ್ಲ. ತಕ್ಕ ಶಾಸ್ತಿಯಾಯಿತು ಎಂದುಕೊಂಡೆ.

ಅವರನ್ನು ಕೊನೆಯ ಸಲ ಕಂಡದ್ದು ಲಿಂಗಸುಗೂರಿನ ಒಂದು ಎಲೆಕ್ಟ್ರಿಕ್ ಅಂಗಡಿಯಲ್ಲಿ. ಎದುರಿಗೆ ಎರಡು ಟೇಬಲ್ ಫ್ಯಾನು ಇಟ್ಟುಕೊಂಡು ನಿಂತಿದ್ದರು. ಅಂಗಡಿಯವನಿಗೆ ಇನ್ನು ಗ್ರಹಚಾರ ಎಂದು ನಾನು ಒಳಗೊಳಗೇ ನಗುತ್ತ ಹತ್ತಿರ ಹೋದೆ. ಮಾಮ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. ದನಿ ತಗ್ಗಿತ್ತು.

"ಮಗಳ ಮನಿಗೆ ಒಯ್ಯಬೇಕಾಗೇದಪಾ. ಇವೆರಡರಾಗ ಯಾವ್ದು ತೊಗೊಳ್ಲಿ, ನೀನ ಹೇಳು."

ಫ್ಯಾನಿನ ಒಳಗಿರುವುದೂ ಮೋಟರೇ. ಜೀವಮಾನವೆಲ್ಲ ಮೋಟರಿಗೆ ತಂತಿ ಸುತ್ತಿದ ಮನುಷ್ಯ, ಫ್ಯಾನಿನ ಗಂಧವೂ ಗೊತ್ತಿಲ್ಲದ ನನ್ನನ್ನು ಕೇಳುತ್ತಿದ್ದರು. ಬಾಯಿಗೆ ಬಂದಂತೆ ಒಂದನ್ನು ತೋರಿಸಿದೆ.

ಯಾಕೆ ಅದೇ ಎಂದು ಅವರು ಕೇಳಲಿಲ್ಲ. ಅದನ್ನೇ ಕಟ್ಟಿಸಿಕೊಂಡು ಹೋದರು.